ಎಲೆಕ್ಟ್ರಿಕ್ ಗಿಟಾರ್ ಬಾಡಿ ಹೋಲಿಸುವುದು ಹೇಗೆ: ಆಕಾರ, ಅಳತೆ, ತೂಕ, ಮೈಗೆ ಕೂರುವ ರೀತಿ

ಗಿಟಾರ್ ಕೊಂಡು ಎರಡು ಮೂರು ತಿಂಗಳಾದ ಮೇಲೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. "ಎಡಭುಜ ಹಿಡಿದುಕೊಳ್ಳುತ್ತದೆ." "ನೆಕ್ ಕೆಳಗೆ ವಾಲುತ್ತದೆ." "ಕೂತರೆ ತೊಡೆಯಿಂದ ಜಾರುತ್ತದೆ." "17ನೇ ಫ್ರೆಟ್ ದಾಟಿದರೆ ಕೈ ಹೋಗುವುದಿಲ್ಲ." ಇವರು ಯಾರೂ ಹೋಲಿಸದೆ ಕೊಂಡವರಲ್ಲ. ಎರಡು ಮೂರು ಗಿಟಾರ್ ಪಕ್ಕಪಕ್ಕ ಇಟ್ಟು ನೋಡಿದವರೇ. ಎಡವಿದ್ದು ಹೋಲಿಸುವ ಕ್ರಮದಲ್ಲಿ. ಮೊದಲು ಫೋಟೋ ನೋಡಿದರು, ಆಮೇಲೆ ಆಂಪ್‌ಗೆ ಸಿಕ್ಕಿಸಿ ಸದ್ದು ಕೇಳಿದರು, ಮನಸ್ಸು ಅಲ್ಲೇ ನಿಂತುಬಿಟ್ಟಿತು. ಗಿಟಾರ್ ತಮ್ಮ ಮೈಗೆ ಹೇಗೆ ಕೂರುತ್ತದೆ ಎಂದು ನೋಡುವ ಸರದಿ ಬರಲೇ ಇಲ್ಲ.

ಹಾಗಾಗಿ ಇಲ್ಲಿ ಕ್ರಮವನ್ನು ತಿರುಗಿಸಿದ್ದೇನೆ. ಮೊದಲು ನಿಮ್ಮ ಮೈ, ಆಮೇಲೆ ಟೇಪು ಮತ್ತು ತೂಕ, ಆಮೇಲೆ ಕೂತು ನಿಂತು ನೋಡುವುದು, ಕೊನೆಗೆ ಸದ್ದು. ದಯವಿಟ್ಟು ಹಂತಗಳನ್ನು ಅದಲುಬದಲು ಮಾಡಬೇಡಿ. ಸದ್ದು ಒಮ್ಮೆ ಕಿವಿಗೆ ಹಿಡಿಸಿದರೆ ಭುಜ ಹೇಳುವುದನ್ನು ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಸೆಂಟಿಮೀಟರ್ ಗುರುತಿರುವ ಮೆತ್ತನೆಯ ಟೇಪು. ಪ್ರಯಾಣದ ಬ್ಯಾಗ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ. ಕೈ ಆಸರೆ ಇಲ್ಲದ ಗಟ್ಟಿ ಸ್ಟೂಲು. ಫೋನಿನಲ್ಲಿ ಟೈಮರ್. ಒಂದು ನೋಟ್‌ಬುಕ್ಕು. ಎದುರಿನಿಂದ ಫೋಟೋ ತೆಗೆಯಲು ಒಬ್ಬ ಗೆಳೆಯ, ಇಲ್ಲದಿದ್ದರೆ ಉದ್ದನೆಯ ಕನ್ನಡಿ.

ಸ್ಟ್ರಾಪ್ ಎರಡು ಬೇಕು. ಒಂದು ನುಣ್ಣಗಿನ ನೈಲಾನಿನದು. ಇನ್ನೊಂದು ಒಳಮೈ ತರಿತರಿಯಾಗಿರುವ ಅಗಲವಾದ ಚರ್ಮದ್ದು. ಯಾಕೆ ಎರಡು ಅನ್ನುವುದು ಹಂತ 6ರಲ್ಲಿ ಗೊತ್ತಾಗುತ್ತದೆ. ಹೋಲಿಸುವ ಎಲ್ಲ ಗಿಟಾರ್‌ಗಳಿಗೂ ಇದೇ ಸ್ಟ್ರಾಪ್‌ಗಳು, ಇದೇ ಉದ್ದ. ನಡುವೆ ಉದ್ದ ಬದಲಾಯಿಸಿದರೆ ಗಿಟಾರ್ ತೂಗುವ ಎತ್ತರ ಬದಲಾಗುತ್ತದೆ. ಆಗ ನೀವು ಹೋಲಿಸುವುದು ಸ್ಟ್ರಾಪನ್ನು, ಬಾಡಿಯನ್ನಲ್ಲ.

ಮುಂದೆ ಗುಂಡಿ ಸಾಲಿರುವ ಹತ್ತಿಯ ಅಂಗಿ ಹಾಕಿಕೊಳ್ಳಿ. ಆ ಸಾಲನ್ನೇ ಅಳತೆಯ ಗೆರೆಯಾಗಿ ಬಳಸುತ್ತೇವೆ. ಬೆಲ್ಟಿನ ಲೋಹದ ಬಕಲ್ ಮಾತ್ರ ಬೇಡ, ಗಿಟಾರಿನ ಬೆನ್ನಿಗೆ ಗೀರು ಬೀಳುತ್ತದೆ. ಹೋಲಿಸುವ ಮುಂಚೆ ಎಲ್ಲ ಗಿಟಾರ್‌ಗಳನ್ನೂ ಟ್ಯೂನ್ ಮಾಡಿ.

## ಹಂತ 1: ನಿಮ್ಮ ಅಭ್ಯಾಸ ಬರೆದುಕೊಳ್ಳಿ

ಗಿಟಾರ್ ಮುಟ್ಟುವ ಮೊದಲು ನಾಲ್ಕು ಸಾಲು ಬರೆಯಿರಿ. ಒಂದು ವಾರದಲ್ಲಿ ಕೂತು ಎಷ್ಟು ಹೊತ್ತು ನುಡಿಸುತ್ತೀರಿ, ನಿಂತು ಎಷ್ಟು ಹೊತ್ತು? ಕೂತಾಗ ಗಿಟಾರ್ ಬಲತೊಡೆಯ ಮೇಲೋ, ಎಡತೊಡೆಯ ಮೇಲೋ? 15ನೇ ಫ್ರೆಟ್‌ನ ಆಚೆ ನಿಜವಾಗಿ ಎಷ್ಟು ಸಲ ಹೋಗುತ್ತೀರಿ? ಭುಜ, ಬೆನ್ನು, ಮಣಿಕಟ್ಟಿನಲ್ಲಿ ಈಗಾಗಲೇ ನೋವಿದೆಯೇ?

ಹೆಚ್ಚಿನವರು ಇಲ್ಲಿ ತಾವು ಆಗಬೇಕೆಂದಿರುವುದನ್ನು ಬರೆಯುತ್ತಾರೆ. ವೇದಿಕೆಯ ಮೇಲೆ ನಿಂತು ನುಡಿಸುವ ಚಿತ್ರ ತಲೆಯಲ್ಲಿರುತ್ತದೆ, ದಿನವೂ ನುಡಿಸುವುದು ಮಾತ್ರ ಮಂಚದ ಅಂಚಿನಲ್ಲಿ ಕೂತು. ಹಾಗಿದ್ದರೆ ಮಂಚದ ಅಂಚಿಗೆ ಹೊಂದುವ ಗಿಟಾರೇ ನಿಮಗೆ ಬೇಕು. ಕಳೆದ ವಾರ ಏನು ಮಾಡಿದಿರೋ ಅದನ್ನೇ ಬರೆಯಿರಿ.

ಎಡಗೈಯವರು ಇನ್ನೊಂದು ಸಾಲು ಸೇರಿಸಿ. ಎಡಗೈಗೆಂದೇ ಮಾಡಿದ ಗಿಟಾರೋ, ಬಲಗೈಯದನ್ನು ತಿರುಗಿಸಿ ಹಿಡಿಯುವುದೋ? ತಿರುಗಿಸಿದರೆ ಮೇಲಿದ್ದ ಉದ್ದ ಕೊಂಬು, ಅಂದರೆ ನೆಕ್ಕಿನ ಪಕ್ಕ ಬಾಡಿ ಚಾಚಿಕೊಂಡಿರುವ ತುದಿ, ಕೆಳಗಾಗುತ್ತದೆ. ಮುಂದಿನ ಸ್ಟ್ರಾಪ್ ಬಟನ್ ಗಿಡ್ಡ ಕೊಂಬಿಗೆ ಬರುತ್ತದೆ, ನಾಬುಗಳು ಮುಂಗೈಯ ಕೆಳಗೆ ಬರುತ್ತವೆ. ಮುಂದೆ ಹೇಳುವ ತೂಕದ ಹಂಚಿಕೆಯೂ ಬೇರೆಯಾಗುತ್ತದೆ.

## ಹಂತ 2: ಗಿಟಾರ್ ಯಾವ ಗುಂಪಿಗೆ ಸೇರಿದ್ದು ಎಂದು ಗುರುತಿಸಿ

ಹೆಸರು ಬೇರೆ ಬೇರೆ ಇದ್ದರೂ ಅಂಗಡಿಯಲ್ಲಿ ತೂಗುಹಾಕಿರುವ ಬಹುಪಾಲು ಗಿಟಾರ್‌ಗಳು ಕೆಲವೇ ಮೂಲ ಆಕಾರಗಳ ಮಕ್ಕಳು, ಮೊಮ್ಮಕ್ಕಳು. ಗುಂಪು ಗೊತ್ತಾದರೆ ಯಾವ ತೊಂದರೆಯನ್ನು ಹುಡುಕಬೇಕು ಅನ್ನುವುದು ಅರ್ಧ ಗೊತ್ತಾದಂತೆ.

ಟೆಲಿಕ್ಯಾಸ್ಟರ್ ಗುಂಪು. ಕೆಳಗಡೆ ಒಂದೇ ಕಟ್‌ಅವೇ (ಮೇಲಿನ ಫ್ರೆಟ್‌ಗಳಿಗೆ ಕೈ ಹೋಗಲೆಂದು ನೆಕ್ಕಿನ ಪಕ್ಕ ಬಾಡಿಯಲ್ಲಿ ಬಿಟ್ಟ ತಗ್ಗು), ಹಲಗೆಯಂತೆ ಚಪ್ಪಟೆ ಬಾಡಿ, ಸುಮಾರು 45 ಮಿ.ಮೀ. ದಪ್ಪ. ಹಳೆಯ ವಿನ್ಯಾಸದಲ್ಲಿ ಹೊಟ್ಟೆಗಾಗಲಿ ಮುಂಗೈಗಾಗಲಿ ಮರ ತಗ್ಗಿಸಿರುವುದಿಲ್ಲ. ಅಂಚು ಒತ್ತುತ್ತದೆಯೇ ಎಂದು ನೋಡಬೇಕಾದ ಗುಂಪು ಇದು.

ಸ್ಟ್ರಾಟೊಕ್ಯಾಸ್ಟರ್ ಗುಂಪು. ಎರಡು ಕೊಂಬು, ಮೇಲಿನದು ಉದ್ದ. ಹಿಂದೆ ಹೊಟ್ಟೆಗೆ, ಮುಂದೆ ಮುಂಗೈಗೆ ಮರ ತಗ್ಗಿಸಿರುತ್ತಾರೆ. ಇಬಾನೆಜ್ ಆರ್‌ಜಿ ಥರದ ಸೂಪರ್‌ಸ್ಟ್ರಾಟ್‌ಗಳೂ ಇದೇ ಮನೆತನ. ಕಟ್‌ಅವೇ ಇನ್ನೂ ಆಳ, ಕೊಂಬು ಇನ್ನೂ ಚೂಪು, ಸಾಮಾನ್ಯವಾಗಿ 24 ಫ್ರೆಟ್.

ಲೆಸ್ ಪಾಲ್ ಗುಂಪು. ಒಂದೇ ಕಟ್‌ಅವೇ, ಉಬ್ಬಿದ ಮೇಲ್ಮೈ. ಅಂಚಿನಲ್ಲೇ ಸುಮಾರು 50 ಮಿ.ಮೀ. ದಪ್ಪ, ನಡುವೆ ಇನ್ನೂ ಜಾಸ್ತಿ. ಅಗಲ ಸುಮಾರು 33 ಸೆಂ.ಮೀ. ಮಾತ್ರ, ಆದರೆ ಕೈಗೆತ್ತಿಕೊಂಡಾಗ ಅಚ್ಚರಿ ಆಗುವಷ್ಟು ಭಾರ.

ಎಸ್‌ಜಿ ಗುಂಪು. 1961ರಲ್ಲಿ ಲೆಸ್ ಪಾಲ್ ಎಂಬ ಹೆಸರಲ್ಲೇ ಬಂದ ವಿನ್ಯಾಸ, ಆದರೂ ಮೈಮೇಲೆ ಕೂರುವ ರೀತಿ ಪೂರಾ ಬೇರೆ. ಸುಮಾರು 35 ಮಿ.ಮೀ. ತೆಳು, ಎರಡು ಗಿಡ್ಡ ಕೊಂಬು, ನೆಕ್ ಬಹುಪಾಲು ಬಾಡಿಯ ಹೊರಗೆ.

ಜಾಝ್‌ಮಾಸ್ಟರ್, ಜಾಗ್ವಾರ್, ಮಸ್ಟಾಂಗ್ ಗುಂಪು. ಸೊಂಟ ಓರೆ. ಮೇಲಿನ ತಗ್ಗು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಮೊದಲೆರಡರ ಬಾಡಿ ಉದ್ದ, ಮಸ್ಟಾಂಗ್‌ನದು ಚಿಕ್ಕದು.

ಇಎಸ್-335 ಮತ್ತು ಟೊಳ್ಳು ಬಾಡಿಗಳು. 335ರ ಅಗಲ 16 ಇಂಚು, ಅಂದರೆ ಸುಮಾರು 41 ಸೆಂ.ಮೀ. ಆದರೆ ಅಂಚು ಟೆಲಿಕ್ಯಾಸ್ಟರಿನಷ್ಟೇ ದಪ್ಪ. ನಡುವೆ ಮರದ ದಿಮ್ಮಿ, ಎರಡು ಬದಿ ಟೊಳ್ಳು. ಇಎಸ್-175ರ ಥರ ಪೂರ್ತಿ ಟೊಳ್ಳಾದವು ಇನ್ನೂ ಆಳ, ಹತ್ತಿರ ಹತ್ತಿರ 86 ಮಿ.ಮೀ.

ಫ್ಲೈಯಿಂಗ್ ವಿ, ಎಕ್ಸ್‌ಪ್ಲೋರರ್. ಕೋನಗಳ ಆಕಾರ. ನಿಂತಾಗ ಇವುಗಳ ಗುಣವೇ ಬೇರೆ, ಕೂತಾಗಲೇ ಬೇರೆ. ಬ್ಯಾಗಿನ ಚಿಂತೆ ಮಾತ್ರ ಎರಡಕ್ಕೂ ಉಂಟು.

ಸ್ಟೈನ್‌ಬರ್ಗರ್ ಥರದ ತಲೆಯಿಲ್ಲದ ಗಿಟಾರ್‌ಗಳಲ್ಲಿ ಟ್ಯೂನಿಂಗ್ ಕೀಲಿಗಳು ಬಾಡಿಯ ತುದಿಯಲ್ಲಿರುತ್ತವೆ. ಒಟ್ಟು ಉದ್ದ ಕಡಿಮೆ, ನೆಕ್ಕಿನ ತುದಿಯಲ್ಲಿ ಭಾರ ಕಡಿಮೆ.

## ಹಂತ 3: ಟೇಪು ಹಿಡಿದು ಅಳೆಯಿರಿ

ಐದು ಅಳತೆ ಸಾಕು. ಬಾಡಿಯ ಉದ್ದ, ಕೆಳಭಾಗದ ಅತಿ ಹೆಚ್ಚು ಅಗಲ, ಸೊಂಟದ ಅಗಲ, ಅಂಚಿನ ದಪ್ಪ, ತುದಿಯಿಂದ ತುದಿಗೆ ಒಟ್ಟು ಉದ್ದ. ಉಬ್ಬಿದ ಮೇಲ್ಮೈ ಇದ್ದರೆ ದಪ್ಪವನ್ನು ಅಂಚಿನಲ್ಲಿ ಒಮ್ಮೆ, ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಹತ್ತಿರ ಒಮ್ಮೆ ನೋಡಿ. ಟೇಪಿನ ಲೋಹದ ತುದಿ ಬಣ್ಣಕ್ಕೆ ತಾಗದಂತೆ ಬೆರಳಿನಿಂದ ಮುಚ್ಚಿಕೊಳ್ಳಿ.

ಇಲ್ಲಿ ಬಹಳ ಜನ ಸ್ಕೇಲ್ ಲೆಂತನ್ನು ಬಾಡಿಯ ಗಾತ್ರ ಎಂದುಕೊಳ್ಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸ್ಕೇಲ್ ಲೆಂತ್ ಅಂದರೆ ನಟ್‌ನಿಂದ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ) ಬ್ರಿಡ್ಜ್‌ವರೆಗೆ ತಂತಿ ಕಂಪಿಸುವ ಉದ್ದ. ಅಳೆಯುವುದು ಸುಲಭ. ನಟ್‌ನ ಒಳಅಂಚಿನಿಂದ 12ನೇ ಫ್ರೆಟ್‌ನ ಲೋಹದ ಪಟ್ಟಿಯ ನಡುವಿಗೆ ಅಳೆದು ಎರಡರಿಂದ ಗುಣಿಸಿ. 324 ಮಿ.ಮೀ. ಬಂದರೆ 648, ಅದು ಫೆಂಡರ್ ಕಂಪನಿಯ ಟೆಲಿ, ಸ್ಟ್ರಾಟ್‌ಗಳ ಉದ್ದ. 314ರ ಆಸುಪಾಸು ಬಂದರೆ 628, ಗಿಬ್ಸನ್ ಕಂಪನಿಯ ಲೆಸ್ ಪಾಲ್, ಎಸ್‌ಜಿಗಳ ಉದ್ದ. 305 ಬಂದರೆ 610, ಜಾಗ್ವಾರಿನದು. ಬ್ರಿಡ್ಜ್‌ವರೆಗೂ ನೇರವಾಗಿ ಅಳೆಯಬೇಡಿ. ಅಲ್ಲಿ ಪ್ರತಿ ತಂತಿಯ ಸ್ಯಾಡಲ್ (ತಂತಿ ಕೂರುವ ಸಣ್ಣ ತುಂಡು) ಸ್ವಲ್ಪ ಹಿಂದೆ ಮುಂದೆ ಇರುತ್ತದೆ, ಲೆಕ್ಕ ತಪ್ಪುತ್ತದೆ.

ದೊಡ್ಡ ಬಾಡಿಯ ಇಎಸ್-335ಕ್ಕೆ ಇರುವುದು ಗಿಡ್ಡ ಸ್ಕೇಲು, ಅದಕ್ಕಿಂತ ಎಷ್ಟೋ ಚಿಕ್ಕದಾದ ಟೆಲಿಕ್ಯಾಸ್ಟರ್‌ಗೆ ಉದ್ದ ಸ್ಕೇಲು. "ನನ್ನ ಕೈ ಚಿಕ್ಕದು, ಚಿಕ್ಕ ಬಾಡಿ ತೆಗೆದುಕೊಳ್ಳುತ್ತೇನೆ" ಎನ್ನುವವರು ಇದನ್ನು ಎರಡು ಸಲ ಓದಿ. ಬೆರಳು ಅಗಲಿಸುವ ಕಷ್ಟಕ್ಕೆ ಪರಿಹಾರ ಸ್ಕೇಲಿನಲ್ಲಿದೆ. ತೋಳು ಚಾಚುವ, ತಬ್ಬಿ ಹಿಡಿಯುವ ಕಷ್ಟಕ್ಕೆ ಪರಿಹಾರ ಬಾಡಿಯಲ್ಲಿದೆ.

## ಹಂತ 4: ತೂಗಿ ನೋಡಿ

ಸ್ಟ್ರಾಪಿನ ಎರಡೂ ತುದಿಗಳನ್ನು ಭದ್ರವಾಗಿ ಸಿಕ್ಕಿಸಿ, ನಡುವನ್ನು ತಕ್ಕಡಿಯ ಕೊಕ್ಕೆಗೆ ಹಾಕಿ, ಹಾಸಿಗೆಯ ಮೇಲೆ ಒಂದು ಗೇಣು ಎತ್ತರಕ್ಕಷ್ಟೇ ಎತ್ತಿ. ಇನ್ನೊಂದು ಕೈ ನೆಕ್ಕಿನ ಕೆಳಗೇ ಇರಲಿ. ತಾನೇ ಮಾಪಕದ ಮೇಲೆ ನಿಂತು ಕಳೆಯುವ ಲೆಕ್ಕ ಬೇಡ. ಮನುಷ್ಯರನ್ನು ತೂಗುವ ಯಂತ್ರದಲ್ಲಿ ಕಾಲು ಕಿಲೋ ಅತ್ತಿತ್ತ ಆಗುವುದು ಮಾಮೂಲು, ನಮಗೆ ಬೇಕಾದ ವ್ಯತ್ಯಾಸ ಅಷ್ಟರೊಳಗೇ ಇರುತ್ತದೆ.

3.2ರಿಂದ 3.7 ಕೆ.ಜಿ. ಒಳಗಿದ್ದರೆ ಹೆಚ್ಚಿನವರಿಗೆ ಗಂಟೆಗಟ್ಟಲೆ ನಿಲ್ಲಲು ಕಷ್ಟವಿಲ್ಲ. 4 ದಾಟಿದರೆ ಭುಜಕ್ಕೆ ಗೊತ್ತಾಗುತ್ತದೆ. 4.5ರ ಮೇಲಿನದನ್ನು ನಿಂತು ನುಡಿಸುವವರು ಅರ್ಧ ಗಂಟೆ ತೂಗುಹಾಕಿಕೊಳ್ಳದೆ ತೀರ್ಮಾನಿಸಬಾರದು.

ಮಾದರಿಯ ಹೆಸರು ನೋಡಿ ತೂಕ ಊಹಿಸಬೇಡಿ. ಒಂದೇ ಮಾದರಿಯ ಎರಡು ಗಿಟಾರ್‌ಗಳ ನಡುವೆ ಅರ್ಧ ಕಿಲೋ ವ್ಯತ್ಯಾಸ ಬರುವುದುಂಟು. ಮರ ಮರಕ್ಕೂ ಸಾಂದ್ರತೆ ಬೇರೆ. ಕೆಲವು ಲೆಸ್ ಪಾಲ್‌ಗಳಲ್ಲಿ ತೂಕ ಇಳಿಸಲೆಂದು ಒಳಗೆ ತೂತು ಕೊರೆದಿರುತ್ತಾರೆ ಅಥವಾ ಟೊಳ್ಳು ಮಾಡಿರುತ್ತಾರೆ, ಹೊರಗಿನಿಂದ ಕಾಣುವುದಿಲ್ಲ. ನಿಮ್ಮ ಕೈಯಲ್ಲಿರುವ ಗಿಟಾರಿನ ತೂಕ ಮಾತ್ರ ಲೆಕ್ಕಕ್ಕೆ.

## ಹಂತ 5: ಕೂತು ನೋಡಿ

ಸ್ಟೂಲಿನ ಮೇಲೆ, ಎರಡೂ ಪಾದ ನೆಲಕ್ಕೆ ತಾಗುವಂತೆ, ಸ್ಟ್ರಾಪ್ ಇಲ್ಲದೆ ಕೂರಿ. ಸೋಫಾ ಬೇಡ. ಮೆತ್ತೆ ಗಿಟಾರಿಗೂ ಆಸರೆ ಕೊಟ್ಟು ತಪ್ಪನ್ನು ಮುಚ್ಚಿಬಿಡುತ್ತದೆ.

ಸೊಂಟದ ತಗ್ಗನ್ನು ಬಲತೊಡೆಗೆ ಕೂರಿಸಿ. ಬಲ ಮುಂಗೈಯನ್ನು ಬಾಡಿಯ ಮೇಲೆ ಸುಮ್ನೆ ಇಡಿ, ಒತ್ತಬೇಡಿ. ಎಡಗೈ ತೆಗೆಯಿರಿ. ಗಿಟಾರ್ ಇದ್ದಲ್ಲೇ ಇರಬೇಕು. ನೆಕ್ ನಿಧಾನವಾಗಿ ನೆಲದ ಕಡೆ ಇಳಿದರೆ ಅಥವಾ ಬಾಡಿ ಮಂಡಿಯ ಕಡೆ ಜಾರಿದರೆ ನೋಟ್‌ಬುಕ್ಕಿನಲ್ಲಿ ಒಂದು ಗುರುತು ಹಾಕಿ. ಆಮೇಲೆ ಎಡತೊಡೆಯ ಮೇಲಿಟ್ಟು, ನೆಕ್ಕನ್ನು ಸ್ವಲ್ಪ ಮೇಲೆತ್ತಿ ಇದನ್ನೇ ಮತ್ತೆ ಮಾಡಿ.

ಓರೆ ಸೊಂಟದ ಗಿಟಾರ್‌ಗಳು ಇಲ್ಲಿ ನೆಮ್ಮದಿಯಾಗಿ ಕೂರುತ್ತವೆ. ಅಗಲವಾದ ಟೊಳ್ಳು ಬಾಡಿಗಳೂ ಸ್ಥಿರ, ಆದರೆ ಬಲತೋಳನ್ನು ನೋಡಿಕೊಳ್ಳಿ. ಭುಜ ಕಿವಿಯ ಕಡೆಗೆ ಏರಿದೆಯೇ? ಹಾಗಿದ್ದರೆ ಬಾಡಿ ನಿಮಗೆ ದೊಡ್ಡದಾಯಿತು. ಅಕೂಸ್ಟಿಕ್ ಗಿಟಾರಿನಿಂದ ಬಂದವರಿಗೆ ಈ ಭಂಗಿ ಅಭ್ಯಾಸವಾಗಿರುವುದರಿಂದ ತಕ್ಷಣ ಗೊತ್ತಾಗುವುದಿಲ್ಲ. ಕನ್ನಡಿಯಲ್ಲಿ ಎರಡೂ ಭುಜದ ಎತ್ತರ ನೋಡಿ.

ಫ್ಲೈಯಿಂಗ್ ವಿ ಬಲತೊಡೆಯ ಮೇಲೆ ನಿಲ್ಲುವುದಿಲ್ಲ ಎಂದು ಅಲ್ಲೇ ಕೈಬಿಡುವವರಿದ್ದಾರೆ. ಅದನ್ನು ಹಿಡಿಯುವ ರೀತಿ ಬೇರೆ. ಕವಲಿನ ಸಂದು ಬಲತೊಡೆಯ ಮೇಲೆ ಕೂರಬೇಕು, ಕೆಳಗಿನ ರೆಕ್ಕೆ ಎರಡು ಕಾಲುಗಳ ನಡುವೆ ಇಳಿಯಬೇಕು, ನೆಕ್ ಮೇಲಕ್ಕೆ ಓರೆಯಾಗಬೇಕು. ಹಾಗೆ ಹಿಡಿದರೆ ಕದಲುವುದಿಲ್ಲ. ಅದು ನಿಮಗೆ ಒಗ್ಗುವ ಭಂಗಿಯೇ ಎಂಬುದನ್ನು ಹತ್ತು ನಿಮಿಷ ಕೂತ ಮೇಲೆ ಹೇಳಿ.

ಕೇಬಲ್ ಜಾಕ್ ಎಲ್ಲಿದೆ ಎಂದೂ ಇದೇ ಹೊತ್ತಿನಲ್ಲಿ ನೋಡಿ. ಸ್ಟ್ರಾಟ್‌ನಲ್ಲಿ ಅದು ಮೇಲ್ಮೈಯಲ್ಲಿದೆ. ಲೆಸ್ ಪಾಲ್‌ನಲ್ಲಿ ಕೆಳಅಂಚಿನಲ್ಲಿದೆ, ನೆಟ್ಟನೆಯ ಪ್ಲಗ್ ಸಿಕ್ಕಿಸಿ ತಗ್ಗಾದ ಕುರ್ಚಿಯಲ್ಲಿ ಕೂತರೆ ಪ್ಲಗ್ ಕುರ್ಚಿಗೆ ತಾಗಿ ಬಾಗುತ್ತದೆ. ಜಾಕ್ ಸಡಿಲವಾಗುವುದು ಹೀಗೇ. ಅಂಥ ಗಿಟಾರಿಗೆ ಎಲ್ ಆಕಾರದ ಪ್ಲಗ್ ಇಟ್ಟುಕೊಳ್ಳಿ.

## ಹಂತ 6: ನಿಂತು ನೋಡಿ, ಕೈ ಬಿಟ್ಟು ನೋಡಿ

ಎಲ್ಲಕ್ಕಿಂತ ಜಾಸ್ತಿ ಜನ ಬಿಟ್ಟುಬಿಡುವ ಪರೀಕ್ಷೆ ಇದು. ನಾನೂ ಒಮ್ಮೆ ಬಿಟ್ಟಿದ್ದೆ. ತೆಳುವಾದ, ಎರಡು ಗಿಡ್ಡ ಕೊಂಬಿನ ಗಿಟಾರ್. ತೂಗಿದರೆ 3 ಕಿಲೋ ಇಲ್ಲ. ಇಷ್ಟು ಹಗುರ ಇರುವಾಗ ಭುಜಕ್ಕೇನು ಕಷ್ಟ ಎಂದುಕೊಂಡೆ. ಭುಜಕ್ಕೆ ನಿಜಕ್ಕೂ ಏನೂ ಆಗಲಿಲ್ಲ. ಆದರೆ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗಲು ಎಡಗೈ ಸಡಿಲ ಬಿಟ್ಟಾಗಲೆಲ್ಲ ನೆಕ್ ಅರ್ಧ ಇಂಚು ಕೆಳಗಿಳಿಯುತ್ತಿತ್ತು. ಬೆರಳು ಇಡುವ ಹೊತ್ತಿಗೆ ತಂತಿ ಇದ್ದ ಜಾಗದಲ್ಲಿ ಇರುತ್ತಿರಲಿಲ್ಲ. ನುಡಿಸುವುದೂ ಎಡಗೈಯೇ, ಎತ್ತಿ ಹಿಡಿಯುವುದೂ ಎಡಗೈಯೇ. ಒಂದು ತಿಂಗಳಲ್ಲಿ ಹೆಬ್ಬೆರಳ ಬುಡ ನೋಯತೊಡಗಿತು.

ಇದಕ್ಕೆ ನೆಕ್ ಡೈವ್ ಅನ್ನುತ್ತಾರೆ. ಕಾರಣ ಸರಳ. ಗಿಟಾರ್ ಎರಡು ಬಟನ್‌ಗಳಿಂದ ತೂಗುತ್ತದೆ. ಮುಂದಿನ ಬಟನ್ ಹೆಡ್‌ಸ್ಟಾಕ್ (ಟ್ಯೂನಿಂಗ್ ಕೀಲಿಗಳಿರುವ ನೆಕ್ಕಿನ ತಲೆ) ಕಡೆಗೆ ಎಷ್ಟು ಮುಂದಿದೆಯೋ ನೆಕ್ಕಿನ ಭಾರಕ್ಕೆ ಅಷ್ಟು ಆಸರೆ. ಸ್ಟ್ರಾಟ್‌ನ ಮೇಲಿನ ಕೊಂಬು ಸುಮಾರು 12ನೇ ಫ್ರೆಟ್‌ವರೆಗೆ ಚಾಚಿದೆ, ಬಟನ್ ಅದರ ತುದಿಯಲ್ಲಿದೆ. ಅದಕ್ಕೇ ಅದು ಸಾಮಾನ್ಯವಾಗಿ ವಾಲುವುದಿಲ್ಲ. ಎಸ್‌ಜಿಯಲ್ಲಿ ಮುಂದಿನ ಬಟನ್ ಇರುವುದು ನೆಕ್ ಬಾಡಿಗೆ ಸೇರುವ ಜಾಗದ ಹಿಂಬದಿ. ನೆಕ್ ಪೂರ್ತಿ ಅದರಾಚೆ ಉಳಿಯುತ್ತದೆ, ಬಾಡಿಯೂ ತೆಳು, ಎದುರು ಭಾರ ಕಡಿಮೆ. ಲೆಸ್ ಪಾಲ್‌ಗೆ ಮೇಲಿನ ಕೊಂಬೇ ಇಲ್ಲ, ಆದರೂ ಭಾರವಾದ ಬಾಡಿ ನೆಕ್ಕನ್ನು ಎತ್ತಿ ಹಿಡಿಯುತ್ತದೆ.

ಪರೀಕ್ಷೆ ಹೀಗೆ:

1. ಮೊದಲು ನುಣ್ಣಗಿನ ನೈಲಾನ್ ಸ್ಟ್ರಾಪ್ ಹಾಕಿ. ಎರಡೂ ಬಟನ್ ಹತ್ತಿರ ಒಮ್ಮೆ ಬಲವಾಗಿ ಎಳೆದು ಭದ್ರವಾಗಿದೆಯೇ ನೋಡಿ.
2. ನೆಕ್ಕನ್ನು ನೀವು ನುಡಿಸುವಷ್ಟೇ ಓರೆಗೆ ತನ್ನಿ.
3. ಬಲಗೈ ತೆಗೆಯಿರಿ. ಆಮೇಲೆ ಎಡಗೈಯನ್ನು ನೆಕ್ಕಿನಿಂದ ಒಂದು ಇಂಚು ಕೆಳಗಿಳಿಸಿ ಅಲ್ಲೇ ಹಿಡಿಯಿರಿ. ಪೂರ್ತಿ ದೂರ ಒಯ್ಯಬೇಡಿ, ಬೀಳುವ ನೆಕ್ಕನ್ನು ಹಿಡಿಯಲು ಅದು ಬೇಕು.
4. ಹತ್ತು ಎಣಿಸಿ. ಒಂದು ಹೆಜ್ಜೆ ಮುಂದೆ, ಒಂದು ಹಿಂದೆ ಇಡಿ. ಮತ್ತೆ ನೋಡಿ.

ಕದಲದಿದ್ದರೆ ಒಳ್ಳೆಯದು. ಸ್ವಲ್ಪ ಇಳಿದು ನೆಲಕ್ಕೆ ಸಮನಾಗಿ ನಿಂತರೆ ಸುಧಾರಿಸಿಕೊಳ್ಳಬಹುದು. ಕೈಗೆ ಬಂದು ಬಿದ್ದರೆ ಅದು ಎಚ್ಚರಿಕೆಯ ಗಂಟೆ.

ಈಗ ತರಿತರಿ ಚರ್ಮದ ಸ್ಟ್ರಾಪ್ ಹಾಕಿ ಅದನ್ನೇ ಮಾಡಿ. ಅದು ಅಂಗಿಯನ್ನು ಕಚ್ಚಿ ಹಿಡಿಯುವುದರಿಂದ ಸಣ್ಣಪುಟ್ಟ ವಾಲುವಿಕೆ ನಿಲ್ಲುತ್ತದೆ. ಮೊದಲೇ ಇದನ್ನು ಹಾಕಿದ್ದರೆ ದೋಷ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಈ ಸ್ಟ್ರಾಪ್ ಹಾಕಿದರೂ ಬಿದ್ದರೆ ಆ ಗಿಟಾರನ್ನು ನಿಂತು ನುಡಿಸಲೆಂದು ಕೊಳ್ಳಬೇಡಿ. ಬಟನ್ ಜಾಗ ಬದಲಾಯಿಸುವುದು, ಹಗುರ ಟ್ಯೂನಿಂಗ್ ಕೀಲಿ ಹಾಕುವುದು ಇವೆಲ್ಲ ಪರಿಹಾರಗಳೇ ನಿಜ. ಆದರೆ ಹೊಸ ಗಿಟಾರಿಗೆ ಡ್ರಿಲ್ ಹಿಡಿಯುವ ಯೋಚನೆಯೊಂದಿಗೆ ಶುರು ಮಾಡುವುದು ಸರಿಯಲ್ಲ.

## ಹಂತ 7: ಮೊದಲ ಫ್ರೆಟ್ ಎಷ್ಟು ದೂರ ಎಂದು ಅಳೆಯಿರಿ

ಅಂಗಿಯ ಗುಂಡಿ ಸಾಲು ಇಲ್ಲಿ ಬೇಕು. ಗಿಟಾರ್ ತೂಗುಹಾಕಿ ನೆಟ್ಟಗೆ ನಿಲ್ಲಿ. ಗುಂಡಿ ಸಾಲಿನಿಂದ 1ನೇ ಫ್ರೆಟ್‌ವರೆಗೆ ಗೆಳೆಯ ಟೇಪು ಹಿಡಿಯಲಿ. ಗುಂಡಿ ಸಾಲಿನ ನೇರಕ್ಕೆ ಯಾವ ಫ್ರೆಟ್ ಬಂದಿದೆ ಎಂದೂ ನೋಡಲಿ. ಎದುರಿನಿಂದ ಒಂದು ಫೋಟೋ.

ಲೆಸ್ ಪಾಲ್ ಮತ್ತು ಎಸ್‌ಜಿ ಎರಡರಲ್ಲಿ ಇದನ್ನು ಮಾಡಿ ನೋಡಿ. ಸ್ಕೇಲ್ ಎರಡರದ್ದೂ ಒಂದೇ, 628 ಮಿ.ಮೀ. ಕಾಗದದ ಮೇಲೆ ಚಾಚುವ ದೂರವೂ ಒಂದೇ ಆಗಬೇಕು, ಅಲ್ವಾ? ಆಗುವುದಿಲ್ಲ. ಲೆಸ್ ಪಾಲ್‌ನಲ್ಲಿ ನೆಕ್ 16ನೇ ಫ್ರೆಟ್ ಹತ್ತಿರ ಬಾಡಿಗೆ ಸೇರುತ್ತದೆ. ಎಸ್‌ಜಿಯಲ್ಲಿ ಅದರಿಂದ ಇನ್ನೂ ಹಲವು ಫ್ರೆಟ್ ಆಚೆ ಸೇರುತ್ತದೆ. ಅಂದರೆ ಇಡೀ ನೆಕ್ ಎಡಕ್ಕೆ ಸರಿದಿದೆ. 1ನೇ ಫ್ರೆಟ್ ದೂರ ಹೋಗಿದೆ, ಮೇಲಿನ ಫ್ರೆಟ್‌ಗಳು ಎಡಗೈಗೆ ಸುಲಭವಾಗಿ ಎಟುಕುತ್ತವೆ. ಎಫ್ ಕಾರ್ಡ್ ಹಿಡಿದಾಗ ಮೊಣಕೈ ಪಕ್ಕೆಲುಬು ಬಿಟ್ಟು ಹೊರಗೆ ಚಾಚಿಕೊಳ್ಳುವುದರಲ್ಲಿ ಇದು ಕಾಣಿಸುತ್ತದೆ.

ಎತ್ತರ ಕಡಿಮೆ ಇರುವವರು, ಮಕ್ಕಳಿಗೆ ಕೊಳ್ಳುವವರು ಬಾಡಿಯ ಅಗಲಕ್ಕಿಂತ ಈ ಅಳತೆಗೆ ಹೆಚ್ಚು ಬೆಲೆ ಕೊಡಿ. 1ನೇ ಫ್ರೆಟ್‌ನಲ್ಲಿ ಎಫ್ ಕಾರ್ಡ್ ಹಿಡಿದಾಗ ಮೊಣಕೈ ಸುಮಾರಾಗಿ ಮಡಚಿಯೇ ಇರಬೇಕು. ತೋಳು ನೆಟ್ಟಗಾದರೆ, ಅಥವಾ ಎಟುಕಿಸಿಕೊಳ್ಳಲು ಎಡಭುಜ ಮುಂದೆ ಬಾಗಿದರೆ, ಆ ಗಿಟಾರ್ ಉದ್ದವಾಯಿತು.

## ಹಂತ 8: ಅಂಚು, ದಪ್ಪ, ಬಲಗೈ ಇಡುವ ಜಾಗ

ತೋಳು ಮೇಲೇರಿಸಿದ ಅಂಗಿಯಲ್ಲಿ 20 ನಿಮಿಷ ಎಡೆಬಿಡದೆ ರಿದಮ್ ನುಡಿಸಿ. ಎರಡು ನಿಮಿಷ ಸಾಲದು. ಆಮೇಲೆ ಬಲ ಮುಂಗೈ ತಿರುಗಿಸಿ ನೋಡಿ. ಟೆಲಿಕ್ಯಾಸ್ಟರ್ ಥರದ ಚಪ್ಪಟೆ ಬಾಡಿಯಾಗಿದ್ದರೆ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಒಂದು ಕೆಂಪು ಗೆರೆ ಇರಬಹುದು. ಗೆರೆ ಐದು ನಿಮಿಷದಲ್ಲಿ ಮಾಯವಾದರೆ ತೊಂದರೆಯಿಲ್ಲ. ಕಿರುಬೆರಳ ಕಡೆ ಜೋಮು ಹಿಡಿದರೆ ಆ ಅಂಚು ನಿಮಗಲ್ಲ. ಮುಂಗೈ ಜಾಗದಲ್ಲಿ ಮರ ತಗ್ಗಿಸಿದ ಟೆಲಿಕ್ಯಾಸ್ಟರ್‌ಗಳೂ ಇವೆ, ಅದನ್ನು ನೋಡಿ.

ಪಕ್ಕೆಲುಬಿಗೂ ಇದೇ ಮಾತು. ಸ್ಟ್ರಾಟ್‌ನ ಬೆನ್ನಿನ ತಗ್ಗು ಸರಿಯಾಗಿ ಅಲ್ಲಿಗೇ ಕೂರುತ್ತದೆ. ತಗ್ಗಿಲ್ಲದ ದಪ್ಪ ಬಾಡಿ ಪಕ್ಕೆಲುಬಿನ ಮೇಲೆ ನಿಂತರೆ ಮನುಷ್ಯ ತನಗೇ ಗೊತ್ತಾಗದಂತೆ ಗಿಟಾರನ್ನು ಮುಂದಕ್ಕೆ ಓರೆ ಮಾಡುತ್ತಾನೆ. ಆಗ ಫ್ರೆಟ್‌ಬೋರ್ಡ್ ನೋಡಲು ಕುತ್ತಿಗೆ ಬಗ್ಗಿಸಬೇಕು.

ಬಲ ಅಂಗೈಯ ಅಂಚನ್ನು ಬ್ರಿಡ್ಜ್ ಮೇಲಿಟ್ಟು ತಂತಿ ಅದುಮಿ ನುಡಿಸಿ. ಲೆಸ್ ಪಾಲ್‌ನ ನೆಕ್ ಸ್ವಲ್ಪ ಹಿಂದಕ್ಕೆ ಓರೆಯಾಗಿ ಕೂತಿರುತ್ತದೆ, ಹಾಗಾಗಿ ಬ್ರಿಡ್ಜ್ ಬಾಡಿಯಿಂದ ಎತ್ತರ. ಸ್ಟ್ರಾಟ್, ಟೆಲಿಗಳಲ್ಲಿ ತಂತಿ ಬಾಡಿಗೆ ಹತ್ತಿರ. ಕಿರುಬೆರಳನ್ನು ಬಾಡಿಗೆ ಊರಿ ನುಡಿಸುವವರಿಗೆ ಈ ವ್ಯತ್ಯಾಸ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಇನ್ನೊಂದು ಮಾತು: ಸ್ಟ್ರಾಟ್‌ನ ವಾಲ್ಯೂಮ್ ನಾಬ್ ಕೆಳಗಿನ ತಂತಿಗೆ ತೀರಾ ಹತ್ತಿರ. ಜೋರಾಗಿ ರಿದಮ್ ಬಾರಿಸುವವರ ಕೈ ತಾಗಿ ಸದ್ದು ತಾನಾಗಿ ಇಳಿಯುತ್ತದೆ.

## ಹಂತ 9: ಮೇಲಿನ ಫ್ರೆಟ್‌ಗಳು

ಹಂತ 1ರಲ್ಲಿ 15ನೇ ಫ್ರೆಟ್ ದಾಟುವುದಿಲ್ಲ ಎಂದು ಬರೆದಿದ್ದರೆ ಇದನ್ನು ಬೇಗ ಮುಗಿಸಿ. ಉಳಿದವರು 12, 15, 17, 20ನೇ ಫ್ರೆಟ್‌ಗಳಲ್ಲಿ ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಒಂದೇ ಸ್ವರಸಾಲು ನುಡಿಸಿ. ತೆಳು ತಂತಿ ಎಲ್ಲ ಗಿಟಾರಿನಲ್ಲೂ ಎಟುಕುತ್ತದೆ, ಅದನ್ನು ಮಾತ್ರ ನೋಡಿ ಮೋಸ ಹೋಗಬೇಡಿ. ದಪ್ಪ ತಂತಿಗೆ ಹೋದಾಗ ಹೆಬ್ಬೆರಳು ಎಲ್ಲಿದೆ? ನೆಕ್ಕಿನ ಹಿಂದೆಯೇ ಇದೆಯೋ, ಹೀಲ್‌ಗೆ, ಅಂದರೆ ನೆಕ್ ಬಾಡಿಗೆ ಸೇರುವ ದಪ್ಪ ಜಾಗಕ್ಕೆ, ಗುದ್ದಿ ಬದಿಗೆ ಬಂದಿದೆಯೋ? ಕಟ್‌ಅವೇ ಎಷ್ಟೇ ಆಳವಿದ್ದರೂ ಹೀಲ್ ದಪ್ಪವಿದ್ದರೆ ಕೈ ಅಲ್ಲೇ ನಿಲ್ಲುತ್ತದೆ. ಫೋಟೋಗಳು ಎದುರಿನಿಂದ ತೆಗೆದವು, ಹೀಲ್ ಇರುವುದು ಹಿಂದೆ.

## ಹಂತ 10: ಈಗ ಸದ್ದು

ಗಟ್ಟಿ ಮರದ ಬಾಡಿಗಳಲ್ಲಿ ಹೊರಗಿನ ಆಕಾರ ಸದ್ದಿನಲ್ಲಿ ತರುವ ವ್ಯತ್ಯಾಸ ತೀರಾ ಸಣ್ಣದು. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಅದರ ಎತ್ತರ, ಅದು ತಂತಿಯ ಯಾವ ಜಾಗದ ಕೆಳಗಿದೆ, ತಂತಿ, ಆಂಪ್, ನಿಮ್ಮ ಕೈ, ಇವೇ ಮುಖ್ಯ. "ಕೊಂಬು ಉದ್ದ, ಅದಕ್ಕೇ ಸದ್ದು ತುಂಬಿದೆ" ಎನ್ನುವ ಮಾತಿಗೆ ಕಿವಿಗೊಡಬೇಡಿ. ಗಟ್ಟಿ ಬಾಡಿಗಳ ನಡುವೆ ಹೋಲಿಸುವಾಗ ಹಿಡಿಸದ ಸದ್ದನ್ನು ಪಿಕಪ್ ಬದಲಿಸಿ ಸರಿಪಡಿಸಬಹುದು. ಹಿಡಿಸದ ಆಕಾರವನ್ನು ಬದಲಿಸಲಾಗುವುದಿಲ್ಲ.

ಟೊಳ್ಳು ಬಾಡಿಯ ಕಥೆ ಬೇರೆ. ಅಲ್ಲಿ ಆಂಪಿನ ಸದ್ದು ಬಾಡಿಯನ್ನೇ ನಡುಗಿಸುತ್ತದೆ, ಆ ನಡುಕ ತಂತಿಗೆ ಬರುತ್ತದೆ, ಪಿಕಪ್ ಅದನ್ನು ಮತ್ತೆ ಆಂಪಿಗೆ ಕಳಿಸುತ್ತದೆ. ಅದೇ ಫೀಡ್‌ಬ್ಯಾಕ್. ನೋಡುವುದು ಹೀಗೆ: ಒಂದೇ ಆಂಪ್, ಒಂದೇ ಸೆಟ್ಟಿಂಗ್, ಆಂಪಿನಿಂದ ಒಂದು ಮೀಟರ್ ದೂರ, ಅದರ ಕಡೆ ಮುಖ. ತಂತಿ ಮುಟ್ಟದೆ ವಾಲ್ಯೂಮನ್ನು ನಿಧಾನವಾಗಿ ಏರಿಸಿ. ಬಾಡಿ ಹೊಟ್ಟೆಗೆ ತಾಗಿದಲ್ಲಿ ಮೊದಲು ಸಣ್ಣ ನಡುಕ ತಿಳಿಯುತ್ತದೆ, ಆಮೇಲೆ "ಹೂಂ" ಎಂದು ಶುರುವಾಗುತ್ತದೆ. ಯಾವ ಮಟ್ಟದಲ್ಲಿ ಶುರುವಾಯಿತು ಎಂದು ಬರೆದುಕೊಳ್ಳಿ, ತಕ್ಷಣ ಇಳಿಸಿ. ಪೂರ್ತಿ ಟೊಳ್ಳಾದದ್ದು ಬೇಗ ಶುರುಮಾಡುತ್ತದೆ. ನಡುವೆ ದಿಮ್ಮಿ ಇರುವುದು ಇನ್ನಷ್ಟು ತಡೆದುಕೊಳ್ಳುತ್ತದೆ. ಡ್ರಮ್ಸ್ ಜೊತೆ ಜೋರಾಗಿ ನುಡಿಸುವವರು ಈ ಮಟ್ಟ ನೋಡದೆ ಟೊಳ್ಳು ಬಾಡಿ ಕೊಳ್ಳಬಾರದು.

## ಹಂತ 11: ಬ್ಯಾಗ್, ಸ್ಟ್ಯಾಂಡ್, ಗೋಡೆ

ಸ್ಟ್ರಾಟ್, ಟೆಲಿಗಳಿಗೆ ಯಾವ ಸಾಮಾನ್ಯ ಬ್ಯಾಗೂ ಆಗುತ್ತದೆ. 16 ಇಂಚಿನ ಬಾಡಿ, ವಿ, ಎಕ್ಸ್‌ಪ್ಲೋರರ್ ಅದರಲ್ಲಿ ಹಿಡಿಸುವುದಿಲ್ಲ. ಅವುಗಳ ಬ್ಯಾಗ್ ಅಥವಾ ಕೇಸ್ ಸಿಗುತ್ತದೆಯೇ ಎಂದು ಗಿಟಾರಿಗಿಂತ ಮೊದಲೇ ವಿಚಾರಿಸಿ. ಹಂತ 3ರಲ್ಲಿ ಬರೆದ ಒಟ್ಟು ಉದ್ದ, ಅಗಲ, ದಪ್ಪ ಇಲ್ಲಿ ಉಪಯೋಗಕ್ಕೆ ಬರುತ್ತವೆ. ವಿ ಆಕಾರಕ್ಕೆ ಹೆಡ್‌ಸ್ಟಾಕ್‌ನಿಂದ ತೂಗುವ ಸ್ಟ್ಯಾಂಡೇ ಸರಿ. ಗಿಟಾರಿಗೆ ನೈಟ್ರೋಸೆಲ್ಯುಲೋಸ್ ಪಾಲಿಶ್ ಇದ್ದರೆ ಸ್ಟ್ಯಾಂಡಿನ ರಬ್ಬರ್ ತಾಗಿದ ಜಾಗ ಕಲೆಯಾಗಿ ಮೆತ್ತಗಾಗಬಹುದು. ಹತ್ತಿ ಬಟ್ಟೆ ಸುತ್ತಿಡಿ.

## ಗಿಟಾರ್ ಕೈಗೆ ಸಿಗದಿದ್ದರೆ

ದೂರದಿಂದ ತರಿಸುವವರು ಮಾರುವವರನ್ನು ಮೂರು ಕೇಳಿ. ತಕ್ಕಡಿಯ ಮೇಲಿಟ್ಟ ಫೋಟೋ, ಹೀಲ್‌ನ ಹಿಂಬದಿಯ ಫೋಟೋ, ಅಂಚಿನ ಪಕ್ಕ ಅಳತೆಪಟ್ಟಿ ಹಿಡಿದ ಫೋಟೋ. ಈ ಮೂರನ್ನೂ ಕೊಡಲು ಹಿಂಜರಿದರೆ ಬೇರೆಯವರನ್ನು ನೋಡಿ.

ಆಮೇಲೆ ಒಂದು ದೊಡ್ಡ ರಟ್ಟು ತೆಗೆದುಕೊಂಡು ಬಾಡಿಯ ಉದ್ದ, ಸೊಂಟ, ಕೆಳಅಗಲದ ಅಳತೆಗೆ ಆಕಾರ ಕತ್ತರಿಸಿ. ನೆಕ್ಕಿನ ಜಾಗಕ್ಕೆ ಒಂದು ಮರದ ಪಟ್ಟಿ ಅಂಟಿಸಿ, ನೆಕ್ ಬಾಡಿಗೆ ಸೇರುವ ಜಾಗ ನೋಡಿಕೊಂಡು 1ನೇ ಫ್ರೆಟ್ ಗುರುತು ಮಾಡಿ. ತೊಡೆಯ ಮೇಲಿಟ್ಟು ಕೂರಿ, ಮುಂಗೈ ಇಟ್ಟು ನೋಡಿ, 1ನೇ ಫ್ರೆಟ್‌ಗೆ ಕೈ ಚಾಚಿ. ತೂಕ, ವಾಲುವಿಕೆ ರಟ್ಟಿನಲ್ಲಿ ಗೊತ್ತಾಗುವುದಿಲ್ಲ. ಆದರೆ 41 ಸೆಂ.ಮೀ. ಅಗಲದ ಬಾಡಿ ತಬ್ಬಿದಾಗ ನಿಮ್ಮ ಬಲಭುಜ ಏರುತ್ತದೆಯೋ ಇಲ್ಲವೋ ಅನ್ನುವುದು ಖಂಡಿತ ಗೊತ್ತಾಗುತ್ತದೆ.

## ತೀರ್ಮಾನಕ್ಕೆ ಮುಂಚೆ ಒಂದು ರಾತ್ರಿ

ಹಂತ 6, 7, 8 ಈ ಮೂರರಲ್ಲಿ ಎರಡರಲ್ಲಿ ಎಡವಿದ ಗಿಟಾರನ್ನು ಪಟ್ಟಿಯಿಂದ ತೆಗೆಯಿರಿ, ಸದ್ದು ಎಷ್ಟೇ ಚೆನ್ನಾಗಿರಲಿ. ಉಳಿದವುಗಳಲ್ಲಿ ಒಂದನ್ನು ಅದೇ ದಿನ ಆರಿಸಬೇಡಿ. ಮರುದಿನ ಬೆಳಗ್ಗೆ ಎದ್ದ ಕೂಡಲೇ ಎಡಭುಜ, ಹೆಬ್ಬೆರಳ ಬುಡ, ಬಲ ಮುಂಗೈ, ಬೆನ್ನಿನ ಕೆಳಭಾಗ ಒಂದೊಂದಾಗಿ ಒತ್ತಿ ನೋಡಿ. ಎಲ್ಲಿ ನೋವಿದೆಯೋ ಅದನ್ನು ನೋಟ್‌ಬುಕ್ಕಿನಲ್ಲಿ ಆ ಗಿಟಾರಿನ ಹೆಸರಿನ ಮುಂದೆ ಬರೆಯಿರಿ. ಒಂದೇ ದಿನ ಎರಡು ಗಿಟಾರ್ ನುಡಿಸಿದ್ದರೆ ನೋವು ಯಾವುದರದ್ದು ಎಂದು ತಿಳಿಯುವುದಿಲ್ಲ. ಹಾಗಾಗಿ ಸಾಧ್ಯವಿದ್ದರೆ 20 ನಿಮಿಷದ ಪರೀಕ್ಷೆಯನ್ನು ದಿನಕ್ಕೆ ಒಂದೇ ಗಿಟಾರಿಗೆ ಮಾಡಿ.